ಗೊರಕೆಗೆ ಹಲ್ಲಿನ ಡಾಕ್ಟರ ಬಳಿ ಹೋಗುವ ಮುನ್ನ, ಹೋದ ಮೇಲೆ

ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಸಾಲಾಗಿ ಹಾಸಿಗೆ ಹಾಸಿ ಮಲಗಿದರೆ ಯಾರ ಗೊರಕೆ ಎಂಥದ್ದು ಎಂದು ಇಡೀ ಕುಟುಂಬಕ್ಕೆ ತಿಳಿಯುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಅದೇ ತಮಾಷೆ. ನನ್ನ ಭಾವನ ಗೊರಕೆಯನ್ನೂ ನಾವು ವರ್ಷಗಟ್ಟಲೆ ಹೀಗೇ ನಕ್ಕು ಮರೆತಿದ್ದೆವು. ಒಂದು ದಿನ ಅಕ್ಕ ಮೆಲ್ಲಗೆ ಹೇಳಿದಳು: "ಸದ್ದಿಗೆ ನನಗೆ ಹೆದರಿಕೆಯಿಲ್ಲ. ಅದು ನಡುವೆ ನಿಂತುಬಿಡುತ್ತದಲ್ಲ, ಆಗ ಎದ್ದು ಕೂರುತ್ತೇನೆ."

ಅಕ್ಕ ಹಿಡಿದದ್ದೇ ಸರಿಯಾದ ಎಳೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಿಗೆ ಹಿಂದಕ್ಕೆ ಜಾರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅಂಗುಳ ಅದುರಿ ಗೊರಕೆಯಾಗುತ್ತದೆ. ದಾರಿ ಮುಚ್ಚಿಕೊಂಡು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದು ಸ್ಲೀಪ್ ಅಪ್ನಿಯಾ. ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ, ಮಲಗಿದವರಿಗೆ ಮಾತ್ರ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದರೂ ಹಗಲೆಲ್ಲ ತೂಕಡಿಕೆ. ಸಂಪಾಜೆ ಘಾಟಿಯಲ್ಲಿ ಸ್ಟೇರಿಂಗ್ ಹಿಡಿದವರಿಗೆ ಅದು ತಮಾಷೆಯಲ್ಲ.

ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ಹಲ್ಲಿನ ಡಾಕ್ಟರು ಮಾಡಿಕೊಡುತ್ತಾರೆ. ಆದರೆ ಅಲ್ಲಿಗೆ ಹೋಗುವ ಮುನ್ನ ಮೊದಲ ಕೆಲಸ ಕಿವಿಗೊಡುವುದು. ತಲೆದಿಂಬಿನ ಹತ್ತಿರ ಮೊಬೈಲ್ ಇಟ್ಟು ಎರಡು ಮೂರು ರಾತ್ರಿ ಸದ್ದು ದಾಖಲಿಸಿ. ಏರುವ ಗೊರಕೆ, ದಿಢೀರ್ ಮೌನ, ಮುಳುಗಿದವರು ಮೇಲೆದ್ದಂತೆ ಒಂದು ಏದುಸಿರು: ಈ ಸರಣಿ ಕೇಳಿದರೆ ತಡಮಾಡಬೇಡಿ. ರಕ್ತದೊತ್ತಡ, 50 ದಾಟಿದ ವಯಸ್ಸು, ಹೆಚ್ಚಿನ ತೂಕ, 40 ಸೆಂಟಿಮೀಟರಿಗಿಂತ ದಪ್ಪ ಕುತ್ತಿಗೆ ಇದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ಕುತ್ತಿಗೆಯನ್ನು ಅಳೆಯಲು ದರ್ಜಿಯ ಟೇಪು ಸಾಕು.

ಇಲ್ಲಿ ಭಾವ ಎಡವಿದರು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಅಚ್ಚೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡರು. ಸದ್ದು ತಗ್ಗಿತು, ಮನೆಯವರೆಲ್ಲ ಮೆಚ್ಚಿದರು. ಮಧ್ಯಾಹ್ನ ಕಾಫಿ ಕಣದ ಪಕ್ಕದ ಕುರ್ಚಿಯಲ್ಲಿ ತಲೆ ವಾಲುವುದು ಮಾತ್ರ ನಿಲ್ಲಲಿಲ್ಲ. ಗೊರಕೆ ಅಡಗಿದರೂ ಉಸಿರು ನಿಲ್ಲುತ್ತಲೇ ಇರಬಹುದು ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ಎರಡನೆಯದು ವೈದ್ಯರ ಭೇಟಿ. ಅಪ್ನಿಯಾ ಇದೆಯೋ ಇಲ್ಲವೋ ಎಂದು ನಿರ್ಧರಿಸುವುದು ದಂತವೈದ್ಯರ ಕೆಲಸವಲ್ಲ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ನಿಮ್ಮೂರಿನ ಹತ್ತಿರದಲ್ಲೋ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಅಥವಾ ಶ್ವಾಸಕೋಶ ತಜ್ಞರನ್ನು ಕಾಣಿ. ಅವರು ನಿದ್ರಾ ಪರೀಕ್ಷೆ ಬರೆದುಕೊಡುತ್ತಾರೆ. ಅದಕ್ಕಾಗಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಬಹುದು. ಕೆಲವರಿಗೆ ಮನೆಯಲ್ಲೇ ಮಾಡುವ ಪರೀಕ್ಷೆ ಸಾಕಾಗುತ್ತದೆ: ಬೆರಳಿಗೊಂದು ಕ್ಲಿಪ್, ಮೂಗಿನ ಬಳಿ ಸಣ್ಣ ನಳಿಕೆ, ಎದೆಗೊಂದು ಪಟ್ಟಿ. ಮಕ್ಕಳ ಗೊರಕೆಯ ದಾರಿ ಬೇರೆ. ಅದರಲ್ಲಿ ಹೆಚ್ಚಾಗಿ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಊದಿವೆಯೇ ಎಂದು ನೋಡಬೇಕಾಗುತ್ತದೆ.

ವರದಿಯಲ್ಲಿ ಹುಡುಕಬೇಕಾದ್ದು ಒಂದು ಅಂಕಿ: ಗಂಟೆಗೆ ಎಷ್ಟು ಸಲ ಉಸಿರು ನಿಂತಿದೆ ಅಥವಾ ಕುಗ್ಗಿದೆ ಎಂಬುದು. 5ರಿಂದ 15ರ ಒಳಗಿದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ತೀವ್ರವಾಗಿದ್ದರೆ ಮುಖವಾಡದ ಮೂಲಕ ಒತ್ತಡದ ಗಾಳಿ ಊದುವ ಸಿಪ್ಯಾಪ್ ಯಂತ್ರಕ್ಕೇ ಮೊದಲ ಮಣೆ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಲೋಕದ ಮುಂದಿಟ್ಟ ಈ ಉಪಾಯವನ್ನು ಮೀರಿಸುವುದು ಈಗಲೂ ಕಷ್ಟ. ಆದರೆ ಅದಕ್ಕೆ ಕರೆಂಟು ಬೇಕು. ಆಟಿ ತಿಂಗಳ ಮಳೆಗೆ ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ಮತ್ತೆ ದೀಪ ಯಾವಾಗ ಹತ್ತುತ್ತದೆ ಎಂದು ಹೇಳುವವರಾರು? ಯಂತ್ರ ಬೇಕಾದವರು ಬ್ಯಾಟರಿಯ ಲೆಕ್ಕವನ್ನೂ ಹಾಕಿಕೊಳ್ಳಲಿ. ಸೌಮ್ಯ ಅಥವಾ ಮಧ್ಯಮ ಹಂತದವರು, ಯಂತ್ರ ಒಗ್ಗದವರು ವೈದ್ಯರ ಚೀಟಿ ಹಿಡಿದು ದಂತವೈದ್ಯರ ಬಾಗಿಲು ತಟ್ಟಬಹುದು.

ವಿರಾಜಪೇಟೆಯಲ್ಲೇ ದಂತ ವೈದ್ಯಕೀಯ ಕಾಲೇಜು ಇದೆ. ಎಲ್ಲಿಗೇ ಹೋದರೂ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಮಾಡಿಕೊಡುತ್ತೀರಾ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ. ಎಲ್ಲ ಕ್ಲಿನಿಕ್‌ಗಳಲ್ಲೂ ಈ ಕೆಲಸ ನಡೆಯುವುದಿಲ್ಲ.

ಅಲ್ಲಿ ಮೊದಲು ಹಲ್ಲಿನ ಪರೀಕ್ಷೆ. ಸಾಧನವು ರಾತ್ರಿಯಿಡೀ ಹಲ್ಲುಗಳ ಮೇಲೆಯೇ ಭಾರ ಹಾಕುವುದರಿಂದ ಮೇಲೂ ಕೆಳಗೂ ಗಟ್ಟಿಯಾದ ಹಲ್ಲುಗಳು ಸಾಕಷ್ಟು ಇರಬೇಕು. ಪೂರ್ತಿ ಕಟ್ಟಿಸಿದ ಹಲ್ಲಿನವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಎಲೆಅಡಿಕೆ ಜಗಿದು ವಸಡು ಸವೆದು ಹಲ್ಲು ಅಲುಗುತ್ತಿದ್ದರೆ ಮೊದಲು ಅದರ ಚಿಕಿತ್ಸೆ. ಹುಳುಕು ತುಂಬಿಸುವುದನ್ನೂ ಕ್ಯಾಪ್ ಹಾಕಿಸುವುದನ್ನೂ ಮುಂಚೆಯೇ ಮುಗಿಸಿಕೊಳ್ಳಿ. ಹಲ್ಲಿನ ಆಕಾರ ಆಮೇಲೆ ಬದಲಾದರೆ ಸಾಧನ ಕೂರುವುದಿಲ್ಲ.

ಮುಂದಿನದು ಅಳತೆ. ಭಾವನ ಜೊತೆ ನಾನೂ ಹೋಗಿದ್ದೆ. ಹಲ್ಲಿನ ಅಚ್ಚು ತೆಗೆದ ಮೇಲೆ ಡಾಕ್ಟರು ಪುಟ್ಟ ಅಳತೆಕಡ್ಡಿಯೊಂದನ್ನು ಬಾಯಿಗಿಟ್ಟು, ಗದ್ದವನ್ನು ಆದಷ್ಟು ಮುಂದೆ ತನ್ನಿ ಎಂದರು, ಆಮೇಲೆ ಆದಷ್ಟು ಹಿಂದೆ. ಆ ಅಂತರದ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಮುಂದಕ್ಕೆ ದವಡೆಯನ್ನು ನಿಲ್ಲಿಸಿ ಸಾಧನ ತಯಾರಿಸುತ್ತಾರೆ. ದವಡೆ ಮುಂದೆ ಬಂದರೆ ನಾಲಿಗೆಯೂ ಜೊತೆಗೆ ಬರುತ್ತದೆ, ಗಂಟಲಿನ ದಾರಿ ತೆರೆದುಕೊಳ್ಳುತ್ತದೆ. ಅದು ಕೆಲಸ ಮಾಡುವ ಬಗೆ ಇಷ್ಟೇ.

ಕೈಗೆ ಬಂದದ್ದು ಮೇಲಿನ, ಕೆಳಗಿನ ಹಲ್ಲಿನ ಸಾಲಿಗೆ ಕೂರುವ ಪಾರದರ್ಶಕವಾದ ಎರಡು ತಟ್ಟೆ, ಪಕ್ಕದಲ್ಲಿ ಸಾಸಿವೆ ಗಾತ್ರದ ತಿರುಪು, ಒಂದು ಪುಟ್ಟ ಕೀಲಿ. ಡಾಕ್ಟರು ಹೇಳಿದಷ್ಟು ದಿನಗಳಿಗೊಮ್ಮೆ, ಹೇಳಿದಷ್ಟೇ ಸುತ್ತು ತಿರುಪನ್ನು ತಿರುಗಿಸಬೇಕು. ಪ್ರತಿ ಸಲ ಮಿಲಿಮೀಟರಿನ ಒಂದು ಚೂರು. ಅವಸರಪಟ್ಟರೆ ಕಿವಿಯ ಮುಂದಿನ ಕೀಲು ನೋಯುತ್ತದೆ. ಮೊದಮೊದಲು ಜೊಲ್ಲು ಸುರಿಯುತ್ತದೆ ಅಥವಾ ಬಾಯಿ ಒಣಗುತ್ತದೆ. ಬೆಳಿಗ್ಗೆ ಅಕ್ಕಿರೊಟ್ಟಿ ಬಾಯಿಗಿಟ್ಟರೆ ಹಲ್ಲಿಗೆ ಹಲ್ಲು ಕೂರದೆ ಭಾವ ಗಾಬರಿಯಾಗಿದ್ದರು. ಡಾಕ್ಟರು ಕೊಟ್ಟ ಚಿಕ್ಕ ಅಚ್ಚನ್ನು ಸ್ವಲ್ಪ ಹೊತ್ತು ಕಚ್ಚಿ ಹಿಡಿದರೆ ಸರಿಹೋಗುತ್ತದೆ. ವರ್ಷಗಳ ಬಳಕೆಯಲ್ಲಿ ಹಲ್ಲಿನ ಸಾಲು ತುಸು ಸರಿಯುವುದೂ ಉಂಟು, ಹಾಗಾಗಿ ತಪಾಸಣೆ ತಪ್ಪಿಸಬಾರದು.

ಹೆಚ್ಚಿನವರು ಬಿಟ್ಟುಬಿಡುವುದು ಕೊನೆಯ ಹೆಜ್ಜೆಯನ್ನು: ಸಾಧನ ಹಾಕಿಕೊಂಡೇ ಇನ್ನೊಮ್ಮೆ ನಿದ್ರಾ ಪರೀಕ್ಷೆ. ಗಂಟೆಗೆ ಉಸಿರು ನಿಲ್ಲುವ ಆ ಅಂಕಿ ಇಳಿದಿದ್ದರೆ ಮಾತ್ರ ಚಿಕಿತ್ಸೆ ಹಿಡಿದಂತೆ. ಜೊತೆಗೆ ತೂಕ ಇಳಿಯಲಿ, ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗಿ. ಮದುವೆಮನೆಯ ಎರಡು ಪೆಗ್ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ ಎಂದು ಹೇಳಿದರೆ ಕೊಡಗಿನಲ್ಲಿ ಕೇಳುವವರು ಕಡಿಮೆ, ಆದರೂ ಹೇಳಿದ್ದೇನೆ.

ತೊಳೆಯಲು ತಣ್ಣೀರು ಮತ್ತು ಮೆತ್ತನೆಯ ಬ್ರಷ್. ಹಂಡೆಯ ಬಿಸಿನೀರು ಬಿದ್ದರೆ ಸೊಟ್ಟಗಾಗುತ್ತದೆ. ಒಣಗಿಸಿ ಡಬ್ಬಿಯಲ್ಲಿಡಿ. ಜೊಲ್ಲಿನ ವಾಸನೆ ನಾಯಿಗಳಿಗೆ ಬಲು ಇಷ್ಟ. ಭಾವನ ಮೊದಲ ಸಾಧನವನ್ನು ತೋಟದ ನಾಯಿ ಜಗಲಿಯಲ್ಲಿ ಕುಳಿತು ಅಗಿದು ಮುಗಿಸಿತು. ಈಗ ಕೋವಿ ಇಡುವ ಬೀರುವಿನಲ್ಲೇ ಆ ಡಬ್ಬಿಗೂ ಜಾಗ, ಬೀಗದ ಕೈ ಅಕ್ಕನ ಬಳಿ.