ಬಿಗ್ ಬ್ಲಾಕ್‌ಗೆ ಪಿಕಪ್ ಬಂದಿದ್ದು ಹೇಗೆ: ನನ್ನ ಶೆವೆಲ್ ಅನುಭವ

ನನ್ನದು 1970ರ ಶೆವರ್ಲೆ ಶೆವೆಲ್ ಎಸ್‌ಎಸ್ 396. ಮನೆ ಇರೋದು ಡೆಟ್ರಾಯಿಟ್ ಪಕ್ಕ, ಹಾಗಾಗಿ ಹಳೇ ಕಾರಿನ ಹುಚ್ಚು ಹತ್ತದೇ ಇರೋದೇ ಕಷ್ಟ. ಬ್ಯಾಡ್ಜ್ ಮೇಲೆ 396 ಅಂತಿದ್ದರೂ ಆ ವರ್ಷದ ಎಂಜಿನ್ (ಶೆವರ್ಲೆಯ ದೊಡ್ಡ ವಿ8, 'ಬಿಗ್ ಬ್ಲಾಕ್' ಅನ್ನೋದು ಇದನ್ನೇ) ನಿಜಕ್ಕೂ 402 ಘನ ಇಂಚು, ಅಂದರೆ ಸುಮಾರು 6.6 ಲೀಟರ್. ಕಂಪನಿ ಹೇಳಿದ್ದು 350 ಹಾರ್ಸ್‌ಪವರ್. ಆದರೆ ಅದು ಎಂಜಿನ್ನನ್ನು ಮಾತ್ರ ಸ್ಟ್ಯಾಂಡ್ ಮೇಲಿಟ್ಟು ಅಳೆದ ಗ್ರಾಸ್ ಲೆಕ್ಕ. ರಸ್ತೆಗಿಳಿಯುವ ಹೊತ್ತಿಗೆ ಅದರಲ್ಲಿ ಸಾಕಷ್ಟು ಕರಗಿರುತ್ತದೆ.

ತಂದಾಗ ಕಾರು ಓಡುತ್ತಿತ್ತು, ಪಿಕಪ್ ಮಾತ್ರ ಇರಲಿಲ್ಲ. ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕು, ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಬದಲಿಸು ಅಂತ ಸಿಕ್ಕವರೆಲ್ಲ ಹೇಳಿದರು. ನಾನು ಎರಡನ್ನೂ ಮುಟ್ಟಲಿಲ್ಲ. ಈ ಎಂಜಿನ್ನಿನ ಹೆಡ್‌ಗಳು ಓವಲ್ ಪೋರ್ಟ್‌ನವು, ಅಂದರೆ ಗಾಳಿ ಒಳಹೋಗುವ ದಾರಿ ಮೊಟ್ಟೆಯಾಕಾರದ್ದು. ದಾರಿ ಸಣ್ಣದಾದ್ದರಿಂದ ಕಡಿಮೆ ಆರ್‌ಪಿಎಂನಲ್ಲೂ ಗಾಳಿ ಜೋರಾಗಿ ನುಗ್ಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವವನಿಗೆ ಬೇಕಾದದ್ದು ಅದೇ ಅಲ್ವಾ? ದೊಡ್ಡ ಕ್ಯಾಮ್ ಹಾಕಿದರೆ ಐಡಲ್‌ನಲ್ಲಿ ಗುಡುಗುವ ಸದ್ದು ಬರುತ್ತದೆ ನಿಜ, ಜೊತೆಗೆ ಎಂಜಿನ್ ಗಾಳಿ ಎಳೆದುಕೊಳ್ಳುವ ಶಕ್ತಿ, ಅಂದರೆ ವ್ಯಾಕ್ಯೂಮ್, ಬಿದ್ದು ಅದನ್ನೇ ನಂಬಿದ ಪವರ್ ಬ್ರೇಕ್ ಕಲ್ಲಾಗುತ್ತದೆ. ಇಷ್ಟು ಭಾರದ ಕಾರಿಗೆ ಬ್ರೇಕ್ ಮೊದಲು.

ಶುರು ಮಾಡಿದ್ದು ಟೈಮಿಂಗ್‌ನಿಂದ, ಅಂದರೆ ಪಿಸ್ಟನ್ ಮೇಲೆ ಮುಟ್ಟುವ ಎಷ್ಟು ಡಿಗ್ರಿ ಮೊದಲು ಪ್ಲಗ್ ಕಿಡಿ ಹಾರಿಸಬೇಕು ಅನ್ನೋದರಿಂದ. ಅದಕ್ಕೂ ಮೊದಲು ಒಂದು ಕೆಲಸ ಇದೆ, ತುಂಬಾ ಜನ ಬಿಟ್ಟುಬಿಡುತ್ತಾರೆ. ಕ್ರ್ಯಾಂಕ್ ತುದಿಯ ಬ್ಯಾಲೆನ್ಸರ್‌ನಲ್ಲಿ ಒಳಗಿನ ಹಬ್‌ಗೂ ಹೊರಗಿನ ರಿಂಗ್‌ಗೂ ನಡುವೆ ರಬ್ಬರ್ ಇರುತ್ತದೆ. ಐವತ್ತು ವರ್ಷ ದಾಟಿದ ರಬ್ಬರ್ ಜಾರಿದರೆ ರಿಂಗ್ ಮೇಲಿನ ಗುರುತೇ ಸುಳ್ಳು ಹೇಳುತ್ತದೆ. ಒಂದನೇ ಸಿಲಿಂಡರ್‌ನ ಪ್ಲಗ್ ಬಿಚ್ಚಿ ಪಿಸ್ಟನ್ ಸ್ಟಾಪ್ (ಪಿಸ್ಟನ್‌ಗೆ ಅಡ್ಡ ನಿಲ್ಲುವ ಕಡ್ಡಿ) ಹಾಕಿದೆ. ಎಂಜಿನ್ನನ್ನು ಕೈಯಲ್ಲೇ ಎರಡೂ ಕಡೆ ನಿಧಾನಕ್ಕೆ ತಿರುಗಿಸಿ, ತಡೆದು ನಿಂತ ಎರಡು ಜಾಗಗಳ ನಟ್ಟನಡುವೆ ಗುರುತು ಹಾಕಿದೆ. ಅದೇ ನಿಜವಾದ ಟಿಡಿಸಿ, ಪಿಸ್ಟನ್ ತೀರಾ ಮೇಲಿರುವ ಜಾಗ.

ಆಮೇಲೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಎಬ್ಬಿಸುವ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದೆ. ಈ ಕಾರಲ್ಲಿ ಕಾಯಿಲ್‌ಗೆ ಬರುವ ವೈರ್ ರೆಸಿಸ್ಟೆನ್ಸ್ ವೈರ್, ಪೂರ್ತಿ 12 ವೋಲ್ಟ್ ಕೊಡುವುದಿಲ್ಲ. ಮಾಡ್ಯೂಲ್‌ಗೆ ಬೇರೆ ವೈರ್ ಎಳೆಯಲೇಬೇಕು. ಆರ್‌ಪಿಎಂ ಏರಿದಂತೆ ಕಿಡಿಯನ್ನು ಮುಂದಕ್ಕೆ ತರುವ ಒಳಗಿನ ವೆಯ್ಟ್‌ಗಳಿಗೆ ಸ್ವಲ್ಪ ಸಡಿಲ ಸ್ಪ್ರಿಂಗ್ ಹಾಕಿ, ಅಳೆಯುವ ಹೊತ್ತಿಗೆ ಮಾತ್ರ ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿ, ಐಡಲ್‌ನಲ್ಲಿ 12 ಡಿಗ್ರಿ ಇಟ್ಟೆ. 2800 ಆರ್‌ಪಿಎಂ ಹೊತ್ತಿಗೆ ಒಟ್ಟು 36 ಆಗುವಂತೆ ನೋಡಿಕೊಂಡೆ. ಪೈಪ್ ಮತ್ತೆ ಹಾಕಿದರೆ ವ್ಯಾಕ್ಯೂಮ್ ಅಡ್ವಾನ್ಸ್ ಅದರ ಮೇಲೆ ಇನ್ನೊಂದು 10 ಡಿಗ್ರಿ ಕೊಡುತ್ತದೆ, ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹೋಗುವಾಗ ಮಾತ್ರ. ರೇಸ್‌ನವರ ಮಾತು ಕೇಳಿ ಅದನ್ನು ಕಿತ್ತು ಹಾಕುವವರಿದ್ದಾರೆ. ದಿನನಿತ್ಯ ರಸ್ತೆಗೆ ಇಳಿಯುವ ಕಾರಿಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ಪೆಟ್ರೋಲೂ ಜಾಸ್ತಿ, ಬಿಸಿಯೂ ಜಾಸ್ತಿ.

ನಾಕಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು) ಇದೆಯೋ ಇಲ್ಲವೋ ಕಿವಿಯಲ್ಲೇ ನೋಡಬೇಕು. ಕಿಟಕಿ ಇಳಿಸಿ, ಗೋಡೆ ಪಕ್ಕದ ರಸ್ತೆಯಲ್ಲಿ, ಟಾಪ್ ಗೇರ್‌ನಲ್ಲೇ ಕಡಿಮೆ ವೇಗದಿಂದ ಎಳೆಸುವುದು. ತಗಡಿನ ಡಬ್ಬಿಯಲ್ಲಿ ಸಾಸಿವೆ ಅಲ್ಲಾಡಿಸಿದ ಹಾಗೆ ಕೇಳಿದರೆ 2 ಡಿಗ್ರಿ ಹಿಂದಕ್ಕೆ. ಕಂಪ್ರೆಷನ್ 10.25ಕ್ಕೆ 1, ಅದೂ ಎರಕದ ಕಬ್ಬಿಣದ ಹೆಡ್, ನಾಕಿಂಗ್ ಬೇಗ ಬರುತ್ತದೆ. 93 ಆಕ್ಟೇನ್‌ಗಿಂತ ಕೆಳಗಿನದನ್ನು ನಾನು ಹಾಕುವುದಿಲ್ಲ.

ಕಾರ್ಬ್ಯುರೇಟರ್ ಹಳೇ ಕ್ವಾಡ್ರಾಜೆಟ್ಟೇ, ನಾಲ್ಕು ಬಾಯಿಯದ್ದು. ಅದನ್ನು ಬೈಯುವವರು ಜಾಸ್ತಿ, ಬಿಚ್ಚಿ ನೋಡಿದವರು ಕಡಿಮೆ. ಮುಂದಿನ ಎರಡು ಬಾಯಿ ಸಣ್ಣವು, ಹಿಂದಿನವು ದೊಡ್ಡವು. ಪೂರ್ತಿ ತುಳಿದ ಕೂಡಲೇ ಕಾರು ಒಂದು ಕ್ಷಣ ಉಸಿರು ಕಟ್ಟಿದಂತೆ ತಡವರಿಸುತ್ತಿತ್ತು. ಹಿಂದಿನ ಏರ್ ವಾಲ್ವ್ ಬೇಗ ತೆರೆದು, ಪೆಟ್ರೋಲ್ ಬರುವ ಮೊದಲೇ ಗಾಳಿ ನುಗ್ಗಿದರೆ ಹೀಗಾಗುತ್ತದೆ. ಆ ವಾಲ್ವನ್ನು ತಡೆದು ನಿಧಾನಕ್ಕೆ ಬಿಡುವುದು ಒಂದು ಪುಟ್ಟ ಡಯಾಫ್ರಮ್. ಅದರ ಕಡ್ಡಿಯನ್ನು ಒಳಗೆ ಒತ್ತಿ, ಪೈಪಿನ ಬಾಯಿಗೆ ಬೆರಳಿಟ್ಟೆ. ಒಳಗೇ ನಿಲ್ಲಬೇಕಿದ್ದ ಕಡ್ಡಿ ತಕ್ಷಣ ಹೊರಬಂತು. ಡಯಾಫ್ರಮ್ ಹರಿದಿತ್ತು. ಹೊಸದು ಹಾಕಿ, ಏರ್ ವಾಲ್ವ್ ಸ್ಪ್ರಿಂಗನ್ನು ಮುಕ್ಕಾಲು ಸುತ್ತು ಬಿಗಿ ಮಾಡಿದೆ. ತಡವರಿಕೆ ಹೋಯಿತು.

ಸೀಟಿಗೆ ಬೆನ್ನು ಅಂಟುವಷ್ಟು ಬದಲಾವಣೆ ಕೊಟ್ಟಿದ್ದು ಮಾತ್ರ ಕ್ರೌನ್ ಪಿನಿಯನ್, ಹಿಂದಿನ ಆಕ್ಸಲ್‌ನ ಗೇರ್ ಜೋಡಿ. ಇದ್ದದ್ದು 3.31 (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 3.31 ಸುತ್ತು), ಹಾಕಿದ್ದು 3.73. ಹನ್ನೆರಡು ಬೋಲ್ಟಿನ ಈ ಆಕ್ಸಲ್‌ನಲ್ಲಿ ಎರಡೂ ಒಂದೇ ಕ್ಯಾರಿಯರ್‌ಗೆ (ಕ್ರೌನ್ ಗೇರ್ ಹೊತ್ತ ಡಬ್ಬಿಗೆ) ಕೂರುತ್ತವೆ. 4.10ಕ್ಕೆ ಹೋದರೆ ಸಾಮಾನ್ಯವಾಗಿ ಕ್ಯಾರಿಯರೂ ಬೇರೆ ಬೇಕು. ಹಲ್ಲಿಗೆ ಹಳದಿ ಪೇಸ್ಟ್ ಹಚ್ಚಿ, ತಿರುಗಿಸಿ, ಹಲ್ಲಿನ ಗುರುತು ನಡುವೆ ಬೀಳುವವರೆಗೆ ಶಿಮ್ (ತೆಳು ತಗಡಿನ ಬಿಲ್ಲೆ) ಬದಲಿಸುವ ಕೆಲಸಕ್ಕೆ ತಾಳ್ಮೆ ಬೇಕು. ಅದು ನನ್ನ ಕೈಲಾಗದ್ದಲ್ಲ, ಆದರೂ ಅನುಭವಸ್ಥರೊಬ್ಬರಿಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡಿದೆ. ಸ್ಪೀಡೋಮೀಟರ್‌ನ ಪ್ಲಾಸ್ಟಿಕ್ ಗೇರೂ ಬದಲಿಸಬೇಕು, ಇಲ್ಲವಾದರೆ ಮುಳ್ಳು ಸುಮ್ನೆ ಜಾಸ್ತಿ ತೋರಿಸುತ್ತದೆ.

ಹಿಂದಿನ ಸಸ್ಪೆನ್ಷನ್‌ನ ಬುಷ್‌ಗಳೆಲ್ಲ ಹೊಸವು, ಟೈರ್ 255/60 ಆರ್ 15. ರೇಡಿಯೇಟರ್ ಫ್ಯಾನ್‌ಗೆ ಕಾಣೆಯಾಗಿದ್ದ ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಹುಡುಕಿ ಹಾಕಿದೆ. ಆಗಸ್ಟ್‌ನಲ್ಲಿ ಡ್ರೀಮ್ ಕ್ರೂಸ್ (ಹಳೇ ಕಾರುಗಳ ಮೆರವಣಿಗೆ) ದಿನ ಇಲ್ಲಿನ ವುಡ್‌ವರ್ಡ್ ಅವೆನ್ಯೂ ಜಾಮ್ ಆಗಿರುತ್ತದೆ. ಅಲ್ಲಿ ಬಿಸಿಯಾಗಿ ಬಾನೆಟ್ ಎತ್ತಿ ನಿಲ್ಲುವ ಅರ್ಧ ಕಾರುಗಳಿಗೆ ಶ್ರೌಡೇ ಇರುವುದಿಲ್ಲ ಅನ್ನೋದು ನನ್ನ ಗುಮಾನಿ.

ಇಷ್ಟಕ್ಕೆ ತೆತ್ತದ್ದು ಹೈವೇಯಲ್ಲಿ. ಗೇರ್‌ಬಾಕ್ಸ್ ಮೂರೇ ಸ್ಪೀಡಿನ ಆಟೋಮ್ಯಾಟಿಕ್ ಟರ್ಬೊ 400, ಹೈವೇಯಲ್ಲಿ ಎಂಜಿನ್ ವೇಗ ತಗ್ಗಿಸುವ ಓವರ್‌ಡ್ರೈವ್ ಗೇರ್ ಇಲ್ಲ. 27 ಇಂಚಿನ ಈ ಟೈರಿಗೆ 3.31 ಇದ್ದಾಗ 70 ಮೈಲಿ ವೇಗದಲ್ಲಿ ಸುಮಾರು 2900 ಆರ್‌ಪಿಎಂ, ಈಗ 3250. ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆ ಹೊರಟರೆ ಪಕ್ಕದವರ ಜೊತೆ ಕೂಗಿ ಮಾತಾಡಬೇಕು. ಓವರ್‌ಡ್ರೈವ್ ಇರುವ 4ಎಲ್80ಇ ಗೇರ್‌ಬಾಕ್ಸ್ ಹಾಕಬಹುದು, ಆದರೆ ನನ್ನ ಓಡಾಟ ಮುಕ್ಕಾಲು ಪಾಲು ವುಡ್‌ವರ್ಡ್ ಮೇಲೇ. ಸದ್ಯಕ್ಕೆ ಆ ದುಡ್ಡನ್ನು ಪೆಟ್ರೋಲ್‌ಗೇ ಹಾಕುತ್ತಿದ್ದೇನೆ.