ದಿಕ್ಕು ನೋಡುವ ಮ್ಯಾಗ್ನೆಟೋಮೀಟರ್‌ನಿಂದ ಮೂರು ವರ್ಷದ ಖಾಲಿ ಜಾಗ ತುಂಬಿದ್ದು

2010ರ ಸೆಪ್ಟೆಂಬರ್‌ನಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯುತ್ತಿದ್ದ ಚಾಂಪ್ ಉಪಗ್ರಹ ಉರಿದುಹೋಯಿತು. ಸ್ವಾರ್ಮ್‌ನ ಅದೇ ಕೆಲಸದ ಮೂರು ಉಪಗ್ರಹಗಳು ಮೇಲೆ ಹೋಗಿದ್ದು 2013ರ ನವೆಂಬರ್ 22ಕ್ಕೆ. ನಡುವಿನ ಮೂರು ವರ್ಷ ಚಿಲ್ಲರೆ ಈ ಕ್ಷೇತ್ರದ ಮಾಡೆಲ್ ಮಾಡುವ ನಮಗೆಲ್ಲ ತಲೆನೋವು. ಓರ್‌ಸ್ಟೆಡ್ ಅನ್ನುವ ಹಳೆಯ ಉಪಗ್ರಹದ ಸ್ಕೇಲಾರ್ ಡೇಟಾ (ಕ್ಷೇತ್ರದ ಬಲ ಮಾತ್ರ, ದಿಕ್ಕು ಇಲ್ಲ) ಸ್ವಲ್ಪ ಇದೆ, ನಿಜ. ಆದರೆ ಬರೀ ಸ್ಕೇಲಾರ್ ನಂಬಿಕೊಂಡರೆ ಸಮಭಾಜಕದ ಹತ್ತಿರ ಬ್ಯಾಕಸ್ ಸಮಸ್ಯೆ (ಬಲ ಒಂದರಿಂದಲೇ ದಿಕ್ಕನ್ನು ಖಚಿತವಾಗಿ ಹೇಳಲಾಗದ ತೊಂದರೆ) ಬಂದು ಕೂರುತ್ತದೆ. ಎಲ್ಲರೂ ಮಾಡುವುದೇನು? ನೆಲದ ವೀಕ್ಷಣಾಲಯಗಳ ಡೇಟಾ ಹಾಕಿ, ರೆಗ್ಯುಲರೈಸೇಷನ್ (ಮಾಡೆಲ್ ಕುಣಿಯದಂತೆ ಹಾಕುವ ಕಡಿವಾಣ) ಬಿಗಿ ಮಾಡಿ, ಸ್ಪ್ಲೈನ್ (ಕಾಲದ ಜೊತೆಗಿನ ಬದಲಾವಣೆ ತೋರಿಸುವ ನಯವಾದ ಗೆರೆ) ತಾನೇ ದಾಟಿಕೊಂಡು ಹೋಗಲಿ ಅಂತ ಬಿಡುವುದು.

ನಾನು ಹಾಗೆ ಬಿಡಲಿಲ್ಲ. ಬೇರೆ ಕೆಲಸಕ್ಕೆ ಹೋದ ಉಪಗ್ರಹಗಳಲ್ಲೂ ದಿಕ್ಕು ಸರಿಮಾಡಿಕೊಳ್ಳಲು ಒಂದು ಒರಟು ಮ್ಯಾಗ್ನೆಟೋಮೀಟರ್ (ಕಾಂತಮಾಪಕ) ಇರುತ್ತದೆ. ಹಿಮದ ದಪ್ಪ ಅಳೆಯಲು ಹೋದ ಕ್ರಯೋಸ್ಯಾಟ್-2ರ ಇಂಥ ಡೇಟಾ ಈಗಾಗಲೇ ಈ ಕೆಲಸಕ್ಕೆ ಬಳಕೆಯಾಗಿದೆ. ನಾನು ತೆಗೆದುಕೊಂಡಿದ್ದು ಇನ್ನೊಂದು. ಅದರ ಹೆಸರು ಇಲ್ಲಿ ಬೇಡ. ಎತ್ತರ 700 ಕಿ.ಮೀ. ಹತ್ತಿರ. ಸೆನ್ಸರನ್ನು ದೂರ ಇಡುವ ಚಾಚಿದ ಬೂಮ್ ಇಲ್ಲ, ಪಕ್ಕದಲ್ಲೇ ಬ್ಯಾಟರಿ, ಅದರಾಚೆ ಉಪಗ್ರಹವನ್ನು ತಿರುಗಿಸುವ ಮ್ಯಾಗ್ನೆಟಾರ್ಕರ್ ಸುರುಳಿಗಳು. ಪ್ಲ್ಯಾನ್ ತೋರಿಸಿದಾಗ ಗೈಡ್ ಹೇಳಿದ್ದು ಇಷ್ಟೇ: "ಮಾಡೆಲ್ ಹಾಕಿ ಕ್ಯಾಲಿಬ್ರೇಟ್ ಮಾಡ್ತೀಯ, ಆಮೇಲೆ ಅದರಿಂದಲೇ ಮಾಡೆಲ್ ತೆಗೀತೀಯ. ಹಾಕಿದ್ದೇ ವಾಪಸ್ ಬರುತ್ತೆ." ಲ್ಯಾಬಿನ ಸೀನಿಯರ್ ಇನ್ನೂ ನೇರ: "ಅದು ಮ್ಯಾಗ್ನೆಟೋಮೀಟರ್ ಅಲ್ಲ ಕಣೋ, ಥರ್ಮಾಮೀಟರ್."

ಸೀನಿಯರ್ ಮಾತು ಅರ್ಧ ನಿಜವಾಗಿತ್ತು.

ಮೊದಲ ಮೂರು ವಾರ ಹೋಗಿದ್ದು ಕ್ವಾಟರ್ನಿಯನ್‌ಗೆ (ಉಪಗ್ರಹ ಯಾವ ಕಡೆ ತಿರುಗಿದೆ ಅಂತ ಹೇಳುವ ನಾಲ್ಕು ಸಂಖ್ಯೆಗಳು). ಅವುಗಳಲ್ಲಿ ಸ್ಕೇಲಾರ್ ಭಾಗ ಮೊದಲನೆಯದೋ ಕೊನೆಯದೋ ಅಂತ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ರೆಸಿಡ್ಯುಯಲ್ (ಅಳತೆಗೂ ಮಾಡೆಲ್‌ಗೂ ಇರುವ ವ್ಯತ್ಯಾಸ) ಹತ್ತಿಪ್ಪತ್ತು ಸಾವಿರ ನ್ಯಾನೋಟೆಸ್ಲಾ (ಕ್ಷೇತ್ರದ ಬಲ ಅಳೆಯುವ ಮಾನ) ಬಂತು. ಅಷ್ಟು ದೊಡ್ಡದಾದರೆ ಒಳ್ಳೆಯದೇ, ತಪ್ಪು ನಮ್ಮದು ಅಂತ ಗೊತ್ತಾಗುತ್ತದೆ. ಕಷ್ಟ ಇರುವುದು 40 ನ್ಯಾನೋಟೆಸ್ಲಾ ತಪ್ಪಿನಲ್ಲಿ.

ಅಂಥದ್ದೊಂದು ಸಿಕ್ಕಿತು. ಉಪಗ್ರಹ ಉತ್ತರಕ್ಕೆ ಹೋಗುವಾಗಿನ ಮತ್ತು ದಕ್ಷಿಣಕ್ಕೆ ಹೋಗುವಾಗಿನ ಪಥಗಳನ್ನು ಸುಮ್ನೆ ಬೇರೆ ಬೇರೆ ಬಣ್ಣದಲ್ಲಿ ಪ್ಲಾಟ್ ಮಾಡಿದೆ. ಸ್ಕೇಲಾರ್ ರೆಸಿಡ್ಯುಯಲ್ ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ಕನ್ನಡಿ ಹಿಡಿದ ಹಾಗಿತ್ತು. ಅಂದರೆ ಗಡಿಯಾರದ ತಪ್ಪು. ಸೆಕೆಂಡಿಗೆ 7.5 ಕಿ.ಮೀ. ಓಡುವ ಉಪಗ್ರಹಕ್ಕೆ ಮಧ್ಯ ಅಕ್ಷಾಂಶಗಳಲ್ಲಿ ಕ್ಷೇತ್ರದ ಬಲ ಸೆಕೆಂಡಿಗೆ ಸುಮಾರು 25 ನ್ಯಾನೋಟೆಸ್ಲಾ ಬದಲಾಗುತ್ತದೆ. ನನಗೆ ಸಿಕ್ಕ ವಿಳಂಬ ಒಂದೂವರೆ ಸೆಕೆಂಡಿನ ಆಸುಪಾಸು. ದಿಕ್ಕೂ ಸೇರಿದ ವೆಕ್ಟರ್ ಘಟಕಗಳಲ್ಲಿ ಇದು ಯಾಕೆ ಕಾಣಲಿಲ್ಲ? ಆಯ್ಲರ್ ಕೋನ (ಸೆನ್ಸರ್ ಉಪಗ್ರಹಕ್ಕೆ ಎಷ್ಟು ತಿರುಗಿ ಕೂತಿದೆ ಅಂತ ಹೇಳುವುದು) ಅದರಲ್ಲಿ ಒಂದು ಪಾಲು ನುಂಗಿ ಕೂತಿತ್ತು, ಅದಕ್ಕೆ. ಕೋನಗಳನ್ನು ಲೆಕ್ಕದಲ್ಲಿ ಬದಲಾಗಲು ಬಿಡುವ ಮುಂಚೆ ಸ್ಕೇಲಾರ್ ಒಂದನ್ನೇ ನೋಡಿ. ಈ ಒಂದು ಪ್ಲಾಟ್ ಆರು ತಿಂಗಳು ಮೊದಲೇ ಹಾಕಬೇಕಿತ್ತು.

ಇನ್ನು ಬಿಸಿಲಿನ ಕಥೆ. ನಾವೆಲ್ಲ ಕತ್ತಲೆಯ ಡೇಟಾ ಆರಿಸುವುದು ಹೇಗೆ? ಸೂರ್ಯ ದಿಗಂತದಿಂದ ಕನಿಷ್ಠ 10 ಡಿಗ್ರಿ ಕೆಳಗೆ, ಕೆಪಿ (ಕಾಂತಕ್ಷೇತ್ರದ ಗಲಾಟೆಯ ಸೂಚ್ಯಂಕ) 2ರೊಳಗೆ, ಅಷ್ಟೇ ಅಲ್ವಾ? ನಾನೂ ಅದನ್ನೇ ಕಣ್ಣುಮುಚ್ಚಿ ಹಾಕಿದ್ದೆ. ಆದರೆ 700 ಕಿ.ಮೀ. ಎತ್ತರದಲ್ಲಿರುವವನಿಗೆ ಸೂರ್ಯ ಮುಳುಗುವುದು ಕೆಳಗಿನ ನೆಲದ ಲೆಕ್ಕದಲ್ಲಿ ಸುಮಾರು 25 ಡಿಗ್ರಿ ಕೆಳಗಿಳಿದ ಮೇಲೆ. ನೆಲದಲ್ಲಿ ಕತ್ತಲು, ಮೇಲೆ ಬಿಸಿಲು! ನನ್ನ "ಕತ್ತಲೆ" ಡೇಟಾದ ನಡುವೆಯೇ ಉಪಗ್ರಹ ನೆರಳಿಗೆ ಹೋಗುತ್ತಿತ್ತು. ಸೌರಫಲಕದ ಕರೆಂಟ್ ಕೆಲವೇ ಸೆಕೆಂಡುಗಳಲ್ಲಿ ಸೊನ್ನೆಗೆ ಬಿದ್ದರೆ ರೆಸಿಡ್ಯುಯಲ್‌ನಲ್ಲಿ ಮೆಟ್ಟಿಲಿನ ಹಾಗೆ 30–40 ನ್ಯಾನೋಟೆಸ್ಲಾ ಇಳಿತ. ಒಂದು ದಿನದ 14 ಸುತ್ತುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಎಲ್ಲವೂ ಒಂದೇ ಜಾಗದಲ್ಲಿ ಮುರಿದಿದ್ದವು. ಅದನ್ನು ನೋಡಿ ಬೇಜಾರಾಗಲಿಲ್ಲ, ಖುಷಿಯಾಯಿತು. ಇಷ್ಟು ಚೊಕ್ಕವಾಗಿ ಮುರಿಯುವ ಗದ್ದಲವನ್ನು ತೆಗೆಯಬಹುದು.

ತೆಗೆದಿದ್ದು ಹೀಗೆ. ಮಾಮೂಲಿ 12 ಪ್ಯಾರಾಮೀಟರ್‌ಗಳು (ಆಫ್‌ಸೆಟ್, ಸ್ಕೇಲ್, ಅಕ್ಷಗಳ ಓರೆ, ಆಯ್ಲರ್ ಕೋನ, ತಲಾ ಮೂರು). ಅದರ ಜೊತೆಗೆ ಫಲಕದ ಕರೆಂಟ್, ಬ್ಯಾಟರಿ ಕರೆಂಟ್, ಮ್ಯಾಗ್ನೆಟಾರ್ಕರ್‌ನ ಮೂರು ಸುರುಳಿ, ಎರಡು ಕಡೆಯ ತಾಪಮಾನ. ತಾಪಮಾನದ ಪ್ರಭಾವ ತಕ್ಷಣ ಕಾಣುವುದಿಲ್ಲ, ತಡವಾಗಿ ಕಾಣುತ್ತದೆ. ಆ ತಡ ಎಷ್ಟು ಅಂತ ಹುಡುಕಿದ ದಾರಿ ನನ್ನ ಮುಂದಿನ ಪೇಪರ್‌ನಲ್ಲಿದೆ, ಅಲ್ಲಿಯವರೆಗೆ ಕ್ಷಮಿಸಿ. ಹೌಸ್‌ಕೀಪಿಂಗ್ ಡೇಟಾ (ಈ ಕರೆಂಟ್, ತಾಪಮಾನಗಳ ದಾಖಲೆ) ಕೆಲವು ಸೆಕೆಂಡಿಗೊಮ್ಮೆ ಮಾತ್ರ ಬರುತ್ತದೆ. ಅದನ್ನು ನೇರ ಗೆರೆಯಲ್ಲಿ ಇಂಟರ್‌ಪೊಲೇಟ್ ಮಾಡಿದರೆ ಮೆಟ್ಟಿಲು ಇಳಿಜಾರಾಗಿಬಿಡುತ್ತದೆ. ಮ್ಯಾಗ್ನೆಟಾರ್ಕರ್ ಬದಲಾದ ಕ್ಷಣದ ಆಚೀಚಿನ ಡೇಟಾ ಬಿಸಾಡಿದೆ. ಸುಮಾರು ಕಾಲು ಭಾಗ ಹೋಯಿತು, ಹೋಗಲಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಈ ಗದ್ದಲವನ್ನೆಲ್ಲ ಒಂದು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿದರೆ? ಎರಡು ತಿಂಗಳು ಕೂತೆ. ರೆಸಿಡ್ಯುಯಲ್ 3 ನ್ಯಾನೋಟೆಸ್ಲಾಗೆ ಇಳಿಯಿತು! ಹೆಚ್ಚುಕಡಿಮೆ ಸ್ವಾರ್ಮ್ ಮಟ್ಟ. ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ. ಆಮೇಲೆ ನೋಡಿದರೆ ಅದು ತಾಪಮಾನದಿಂದ ಸ್ಥಳೀಯ ಸಮಯವನ್ನು ಊಹಿಸಿ, ಭೂಮಿಯ ಸುತ್ತ ಬಾಹ್ಯಾಕಾಶದಲ್ಲಿ ಹರಿಯುವ ರಿಂಗ್ ಕರೆಂಟ್‌ನ ನಿಜವಾದ ಸಂಕೇತವನ್ನೂ ಸೇರಿಸಿ ತಿಂದುಹಾಕಿತ್ತು. ಎಲ್ಲ ಅಳಿಸಿದೆ. ಲೀನಿಯರ್ ಫಿಟ್‌ಗೆ ವಾಪಸ್.

ದುಡ್ಡಿನ ವಿಷಯ ಹೇಳಲೇಬೇಕು. ಕೋರ್ ಕ್ಷೇತ್ರ (ಭೂಮಿಯ ತಿರುಳಿನಿಂದ ಬರುವುದು) 20ನೇ ಡಿಗ್ರಿವರೆಗೆ (ಡಿಗ್ರಿ ಹೆಚ್ಚಿದಷ್ಟೂ ವಿವರ ಸೂಕ್ಷ್ಮ) ಅಂದರೆ 440 ಗುಣಾಂಕ. 20 ವರ್ಷಕ್ಕೆ ಆರು ತಿಂಗಳಿಗೊಂದು ಗಂಟು (ಸ್ಪ್ಲೈನ್ ತುಂಡುಗಳು ಸೇರುವ ಜಾಗ) ಅಂದರೆ ಸುಮಾರು 45 ಸ್ಪ್ಲೈನ್. ಒಟ್ಟು 20 ಸಾವಿರದ ಹತ್ತಿರ ಅಜ್ಞಾತಗಳು. ಡೇಟಾ 20 ಲಕ್ಷ ಸಾಲು. ಇಡೀ ಮ್ಯಾಟ್ರಿಕ್ಸ್ ಮೆಮೊರಿಗೆ ಹಾಕಲು 300 ಜಿಬಿ ದಾಟುತ್ತದೆ. ನಾನು ಬುದ್ಧಿವಂತ, ದೊಡ್ಡ ಕ್ಲೌಡ್ ಯಂತ್ರ ಬಾಡಿಗೆಗೆ ತೆಗೆದುಕೊಂಡೆ. ಶುಕ್ರವಾರ ರನ್ ಕೊಟ್ಟೆ. ಅದು ಎರಡು ಗಂಟೆಯಲ್ಲೇ ಎರರ್ ಕೊಟ್ಟು ನಿಂತಿತ್ತು. ಯಂತ್ರ ಮಾತ್ರ ನಿಲ್ಲಲಿಲ್ಲ, ನಾನು ನೋಡಿದ್ದು ಹತ್ತು ದಿನದ ಮೇಲೆ. ಎರಡು ತಿಂಗಳ ಫೆಲೋಶಿಪ್ ನೀರಿಗೆ ಹಾಕಿದ ಹಾಗಾಯಿತು. ಗೈಡ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಬಿಲ್ಲೇ ಬುದ್ಧಿ ಕಲಿಸಿತು. ಆರನೇ ಆರ್ಡರ್ ಸ್ಪ್ಲೈನ್‌ನಲ್ಲಿ ಯಾವ ಕ್ಷಣಕ್ಕೂ ಸೊನ್ನೆಯಲ್ಲದವು ಆರೇ ಆರು. ಹಾಗಾಗಿ ಒಂದು ಸಾಲಿಗೆ ಬೇಕಿದ್ದು 2,640 ಕಾಲಂ ಮಾತ್ರ. ದಿನಕ್ಕೊಂದು ತುಂಡು ಓದಿ, ನಾರ್ಮಲ್ ಮ್ಯಾಟ್ರಿಕ್ಸ್‌ಗೆ (ಅಜ್ಞಾತಗಳಷ್ಟೇ ಸಾಲು, ಕಾಲಂ ಇರುವ ಮೊತ್ತದ ಕೋಷ್ಟಕ) ಕೂಡಿಸಿ, ಆ ತುಂಡನ್ನು ಎಸೆದುಬಿಡುವುದು. ನಾರ್ಮಲ್ ಮ್ಯಾಟ್ರಿಕ್ಸ್ ಮೂರು ಜಿಬಿ ಚಿಲ್ಲರೆ. ನನ್ನ ಹಳೇ ಡೆಸ್ಕ್‌ಟಾಪ್‌ನಲ್ಲೇ ಒಂದು ರಾತ್ರಿಯಲ್ಲಿ ಒಂದು ಇಟರೇಷನ್. ಹ್ಯೂಬರ್ ತೂಕಕ್ಕೆ (ದಾರಿ ತಪ್ಪಿದ ಅಳತೆಗಳಿಗೆ ಬೆಲೆ ಕಡಿಮೆ ಮಾಡುವ ವಿಧಾನ) ಏಳೆಂಟು ಇಟರೇಷನ್ ಬೇಕು, ಅಂದರೆ ಒಂದು ವಾರ. ಖರ್ಚು ಸೊನ್ನೆ.

ಈಗ ಗೈಡ್ ಪ್ರಶ್ನೆಗೆ ಬರುತ್ತೇನೆ. ಹಾಕಿದ್ದೇ ವಾಪಸ್ ಬರುವುದನ್ನು ತಪ್ಪಿಸಲು ಕ್ಯಾಲಿಬ್ರೇಷನ್ ಮತ್ತು ಮಾಡೆಲ್ ಎರಡನ್ನೂ ಒಟ್ಟಿಗೇ ಬಿಡಿಸಬೇಕು. ಹಾಗೆ ಮಾಡಿದೆ. ಜಿ10 (ಮಾಡೆಲ್‌ನ ಅತಿ ದೊಡ್ಡ ಗುಣಾಂಕ) ಕುಡಿದವನ ಹಾಗೆ ತೂರಾಡಿತು. ಕಾರಣ ಸರಳ: ಸ್ಕೇಲ್ ಹತ್ತು ಸಾವಿರದಲ್ಲಿ ಒಂದು ಪಾಲು ಜರುಗಿದರೆ 30,000ಕ್ಕೆ 3 ನ್ಯಾನೋಟೆಸ್ಲಾ. ಆ ಕಾಲದಲ್ಲಿ ಜಿ10 ಇಡೀ ವರ್ಷಕ್ಕೆ ಬದಲಾಗಿದ್ದೇ 11ರ ಹತ್ತಿರ. ಯಾವುದು ಸೆನ್ಸರ್, ಯಾವುದು ಭೂಮಿ ಅಂತ ಲೆಕ್ಕಕ್ಕೆ ಹೇಗೆ ಗೊತ್ತಾಗಬೇಕು? ತಿಂಗಳಿಗೊಂದು ಕ್ಯಾಲಿಬ್ರೇಷನ್ ಬಿಡಿಯಾಗಿ ಇಟ್ಟಿದ್ದೇ ತಪ್ಪು. ಸ್ಕೇಲ್ ಮತ್ತು ಓರೆಯನ್ನು ಇಡೀ ಅವಧಿಗೆ ಒಂದೇ ಅಂತ ಕಟ್ಟಿಹಾಕಿದೆ, ತಾಪಮಾನದ ಜೊತೆ ಮಾತ್ರ ಬದಲಾಗಲು ಬಿಟ್ಟೆ. ಆಫ್‌ಸೆಟ್ ತಿಂಗಳಿಗೊಂದು. ಆ ಕಡೆ ಚಾಂಪ್, ಈ ಕಡೆ ಸ್ವಾರ್ಮ್, ನಡುವೆ ವೀಕ್ಷಣಾಲಯಗಳ ಮಾಸಿಕ ಸರಾಸರಿಯ ವಾರ್ಷಿಕ ವ್ಯತ್ಯಾಸ. ಇವುಗಳ ನಡುವೆ ಜಿ10 ತೆಪ್ಪಗೆ ಕೂತಿತು.

ಆದರೂ ಯಾರೂ ನಂಬಲಿಲ್ಲ. ಖಾಲಿ ಜಾಗದಲ್ಲಿ ಹೋಲಿಸಲು ಏನೂ ಇಲ್ಲವಲ್ಲ, ಅವರ ತಪ್ಪಲ್ಲ. ಆಗ ಹೊಳೆದಿದ್ದು ಬಚ್ಚಿಡುವ ಆಟ. 2015ರಿಂದ 2018ರವರೆಗಿನ ಸ್ವಾರ್ಮ್ ಡೇಟಾ ಪೂರ್ತಿ ಮುಚ್ಚಿಟ್ಟೆ. ಆ ಅವಧಿಗೂ ನನ್ನ ಒರಟು ಉಪಗ್ರಹ ಓಡುತ್ತಿತ್ತು. ಅದನ್ನೇ ತುಂಬಿ ಮಾಡೆಲ್ ಮಾಡಿ, ಆಮೇಲೆ ಸ್ವಾರ್ಮ್ ಹೊರಗೆ ತೆಗೆದು ಹೋಲಿಸಿದೆ. ನೆನಪಿನಿಂದ ಹೇಳುವುದಾದರೆ: ಗದ್ದಲ ತೆಗೆದ ಮೇಲೆ ನನ್ನ ಡೇಟಾದ ಸ್ಕೇಲಾರ್ ರೆಸಿಡ್ಯುಯಲ್ 6 ನ್ಯಾನೋಟೆಸ್ಲಾ ಸುತ್ತಮುತ್ತ. ಅವಧಿಯ ಮಧ್ಯದಲ್ಲಿ ಜಿ10 ತಪ್ಪಿದ್ದು 2–3. ಬರೀ ವೀಕ್ಷಣಾಲಯ ಹಾಕಿ ಸ್ಪ್ಲೈನ್ ದಾಟಿಸಿದ್ದಕ್ಕಿಂತ ದೊಡ್ಡ ಸಾಗರಗಳ ಮೇಲೆ ತಪ್ಪು ಅರ್ಧಕ್ಕಿಂತ ಕಡಿಮೆ. ವೀಕ್ಷಣಾಲಯಗಳೇ ಇಲ್ಲದ ಕಡೆ ತಾನೇ ಉಪಗ್ರಹ ಬೇಕಾಗುವುದು?

ಮೀಟಿಂಗ್‌ನಲ್ಲಿ ಆ ನಕ್ಷೆ ಹಾಕಿದಾಗ ಸೀನಿಯರ್ ಎರಡು ನಿಮಿಷ ಸುಮ್ಮನಿದ್ದು, "ಕೋಡ್ ಕಳಿಸು" ಅಂದ.

ಎಲ್ಲ ಗೆದ್ದೆ ಅಂತಲ್ಲ. ಸೆಕ್ಯುಲರ್ ವೇರಿಯೇಷನ್ (ಕೋರ್ ಕ್ಷೇತ್ರದ ನಿಧಾನ ಬದಲಾವಣೆ) ಒಂಬತ್ತನೇ ಡಿಗ್ರಿ ದಾಟಿದರೆ ನನ್ನ ಡೇಟಾ ಏನೂ ಹೇಳುವುದಿಲ್ಲ, ರೆಗ್ಯುಲರೈಸೇಷನ್ ಹೇಳಿದ್ದೇ ಬರುತ್ತದೆ. ಧ್ರುವಗಳ ಕಡೆ ಇನ್ನೂ ಗಲೀಜು. 2011ರ ಜರ್ಕ್ (ಆ ಬದಲಾವಣೆಯ ಗತಿ ಹಠಾತ್ತಾಗಿ ತಿರುಗಿದ್ದು) ನನ್ನ ಮಾಡೆಲ್‌ನಲ್ಲಿ ಕಾಣುತ್ತದೆ, ಆದರೆ ಗಂಟಿನ ಜಾಗ ಬದಲಾಯಿಸಿದರೆ ಎರಡು ಮೂರು ತಿಂಗಳು ಆಚೀಚೆ ಓಡಾಡುತ್ತದೆ. ಅದಕ್ಕೇ ಥೀಸಿಸ್‌ನಲ್ಲಿ ತಿಂಗಳು ಬರೆದಿಲ್ಲ, ವರ್ಷ ಮಾತ್ರ ಬರೆದೆ.

ಈಗ ಎರಡನೇ ಉಪಗ್ರಹದ ಡೇಟಾ ಇಳಿಸಿಕೊಂಡಿದ್ದೇನೆ. ಮೊದಲು ನೋಡಿದ್ದು ಕ್ವಾಟರ್ನಿಯನ್. ಇದರಲ್ಲಿ ಸ್ಕೇಲಾರ್ ಕೊನೆಯಲ್ಲಿದೆ.