ಯೋನನ ಕಥೆ: ಮೀನನ್ನು ದಾಟಿ ಓದುವುದು ಹೇಗೆ?

ಯೆಹೂದಿಗಳಲ್ಲಿ ಹಬ್ಬಕ್ಕೊಂದು ಓದು ಇರುತ್ತದೆ. ಪುರಿಮ್‌ಗೆ ಎಸ್ತೇರಳ ಕಥೆ, ಶಾವುವೋತ್‌ಗೆ ರೂತಳದ್ದು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ಗೆ ಯೋನ. ಸುಮಾರು 25 ಗಂಟೆಯ ಉಪವಾಸ ಅದು, ನೀರೂ ಇಲ್ಲ. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಬಳಲಿರುತ್ತಾರೆ. ಆಗ ಈ ಪುಸ್ತಕವನ್ನು ಪೂರ್ತಿ ಓದುತ್ತಾರೆ. ನಾಲ್ಕೇ ಅಧ್ಯಾಯ, 48 ವಚನ. ಕಥೆ ಇಷ್ಟು: ನಿನೆವೆ ಎಂಬ ಊರಿಗೆ ಹೋಗಿ ಎಚ್ಚರಿಸು ಅಂತ ದೇವರು ಪ್ರವಾದಿ ಯೋನನಿಗೆ ಹೇಳುತ್ತಾನೆ, ಅವನು ಹಡಗು ಹತ್ತಿ ಓಡಿಹೋಗುತ್ತಾನೆ. ಬಿರುಗಾಳಿ ಎದ್ದು ನಾವಿಕರು ಅವನನ್ನು ಸಮುದ್ರಕ್ಕೆ ಎಸೆಯುತ್ತಾರೆ, ದೊಡ್ಡ ಮೀನೊಂದು ನುಂಗಿ ದಡಕ್ಕೆ ಉಗುಳುತ್ತದೆ. ಆಮೇಲೆ ಅವನು ನಿನೆವೆಗೆ ಹೋಗುತ್ತಾನೆ, ಜನ ತಿದ್ದಿಕೊಳ್ಳುತ್ತಾರೆ, ದೇವರು ಊರನ್ನು ಉಳಿಸುತ್ತಾನೆ, ಯೋನನಿಗೆ ಸಿಟ್ಟು ಬರುತ್ತದೆ. ಕನ್ನಡದ ಸತ್ಯವೇದದಲ್ಲೇ (ಬೈಬಲ್) ಇದೆ, ಹೀಬ್ರೂ ಬರದಿದ್ದರೂ ನಡೆಯುತ್ತದೆ.

ಮೊದಲು ಯಾವ ವ್ಯಾಖ್ಯಾನವನ್ನೂ ಮುಟ್ಟದೆ ಒಂದು ಸಲ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. ‘ಇದೇನಿದು ವಿಚಿತ್ರ’ ಅನ್ನಿಸಿದ ಕಡೆಯೆಲ್ಲ ಗೆರೆ ಎಳೆಯಿರಿ. ಬಿರುಗಾಳಿಗೆ ಸಿಕ್ಕ ನಾವಿಕರು ತಂತಮ್ಮ ದೇವರುಗಳನ್ನು ಕೂಗುತ್ತಿದ್ದಾರೆ, ಪ್ರವಾದಿ ಮಾತ್ರ ಹಡಗಿನ ತಳದಲ್ಲಿ ಗಾಢ ನಿದ್ದೆಯಲ್ಲಿದ್ದಾನೆ. ನಿನೆವೆಯ ರಾಜ ದನಕುರಿಗಳಿಗೂ ಉಪವಾಸ ಹಾಕಿ, ಪಶ್ಚಾತ್ತಾಪದ ಗುರುತಾದ ಗೋಣಿತಟ್ಟು ಹೊದಿಸುತ್ತಾನೆ. ಗಾಳಿ, ಮೀನು, ಕೊನೆಗೆ ಒಂದು ಹುಳ ಕೂಡ ದೇವರು ಹೇಳಿದಂತೆ ಮಾಡುತ್ತದೆ. ಮಾತು ಕೇಳದವನು ಪ್ರವಾದಿ ಒಬ್ಬನೇ! ಎಲ್ಲರ ನೆನಪಲ್ಲಿ ಉಳಿಯುವ ಆ ಮೀನಿಗೆ ಸಿಕ್ಕಿರುವುದು ಬರೀ ಎರಡು ಮೂರು ವಚನ.

ಎರಡನೆಯದಾಗಿ, ಯೋನ ಯಾವ ಕಾಲದವನು ಅಂತ ನೋಡಿ. ಸತ್ಯವೇದದ ಅರಸುಗಳ ಎರಡನೇ ಪುಸ್ತಕದ 14ನೇ ಅಧ್ಯಾಯದಲ್ಲಿ ಅಮಿತ್ತೈಯ ಮಗ ಯೋನನ ಹೆಸರು ಬರುತ್ತದೆ. ಉತ್ತರದ ಇಸ್ರೇಲ್ ರಾಜ್ಯದ ಪ್ರವಾದಿ. ನಿನೆವೆ ಅಶ್ಶೂರರ ಊರು. ಇದೇ ಅಶ್ಶೂರರು ಮುಂದೆ ಕ್ರಿ.ಪೂ. 722ರ ಸುಮಾರಿಗೆ ಆ ಉತ್ತರ ರಾಜ್ಯವನ್ನೇ ಮುಗಿಸಿದರು. ಇದು ಗೊತ್ತಾದ ಮೇಲೆ ಯೋನ ಓಡಿಹೋದದ್ದು ಸುಮ್ನೆ ಪುಕ್ಕಲುತನ ಅನ್ನಿಸುವುದಿಲ್ಲ, ಅಲ್ವಾ? ಶತ್ರುವನ್ನು ಉಳಿಸಿ ಬಾ ಅಂತ ದೇವರು ಅವನನ್ನು ಕಳಿಸಿದ್ದಾನೆ.

ಮೂರನೆಯದು ಮುಖ್ಯ. ಅದೇ ದಿನದ ಉಳಿದ ಓದು, ಪ್ರಾರ್ಥನೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹೆಚ್ಚಿನವರು ಈ ಕೆಲಸ ಬಿಟ್ಟುಬಿಡುತ್ತಾರೆ, ಆದರೆ ಒಳಗಿನ ಅರ್ಥ ಜಾಸ್ತಿ ಸಿಗುವುದು ಇಲ್ಲೇ. ಬೆಳಿಗ್ಗೆ ಓದಿದ್ದು ಯೆಶಾಯನ 58ನೇ ಅಧ್ಯಾಯ. ತಲೆ ಬಾಗಿಸಿ ಗೋಣಿತಟ್ಟು ಹಾಸಿಕೊಂಡರೆ ಅದು ಉಪವಾಸವೇ, ಹಸಿದವನಿಗೆ ರೊಟ್ಟಿ ಹಂಚು ಅಂತ ಅಲ್ಲಿ ಪ್ರವಾದಿ ಗದರುತ್ತಾನೆ. ಮಧ್ಯಾಹ್ನದ ಓದಿನಲ್ಲಿ ನಿನೆವೆಯ ಜನ ಅದೇ ಗೋಣಿತಟ್ಟು ಉಟ್ಟು ಬರುತ್ತಾರೆ. ಅವರನ್ನು ಉಳಿಸಿದ್ದು ಏನು? ಯೆಹೂದಿಗಳ ಹಳೆಯ ಧರ್ಮನಿಯಮ ಸಂಗ್ರಹವಾದ ಮಿಶ್ನಾದಲ್ಲಿ, ಉಪವಾಸದ ಬಗೆಗಿನ ‘ತಾನಿತ್’ ಭಾಗದಲ್ಲಿ ಉತ್ತರವಿದೆ. ದೇವರು ಅವರ ಗೋಣಿತಟ್ಟನ್ನೂ ಉಪವಾಸವನ್ನೂ ನೋಡಿದ ಅಂತ ಬರೆದಿಲ್ಲ, ಅವರ ನಡತೆಯನ್ನು ನೋಡಿದ ಅಂತ ಬರೆದಿದೆ ಎಂದು ಹಿರಿಯನೊಬ್ಬ ಉಪವಾಸದ ದಿನ ಜನರಿಗೆ ನೆನಪಿಸುತ್ತಾನೆ. ಹೊಟ್ಟೆ ಚುರುಗುಟ್ಟುತ್ತಾ ಕೂತವರಿಗೇ ಇದನ್ನು ಕೇಳಿಸುತ್ತಾರೆ ನೋಡಿ!

ಇನ್ನೊಂದು ಜೋಡಿ: ವಿಮೋಚನಕಾಂಡದ 34:6 ಮತ್ತು ಯೋನನ 4:2. ದೇವರು ಕನಿಕರವುಳ್ಳವನು, ಬೇಗ ಸಿಟ್ಟಾಗದವನು ಎಂಬ ಮೊದಲಿನ ಸಾಲುಗಳನ್ನು ಯೋಮ್ ಕಿಪ್ಪುರ್‌ನಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಯೋನ ಅವನ್ನೇ ದೂರಿನ ಹಾಗೆ ಹೇಳುತ್ತಾನೆ: ‘ನೀನು ಹೀಗೇ ಅಂತ ನನಗೆ ಮೊದಲೇ ಗೊತ್ತಿತ್ತು.’ ಹೀಬ್ರೂ ಮೂಲದಲ್ಲಿ ಮೊದಲ ಕಡೆ ಇರುವ ‘ಸತ್ಯ’ ಅವನ ಪಟ್ಟಿಯಲ್ಲಿಲ್ಲ. ಕೇಡಿನ ತೀರ್ಮಾನವನ್ನು ಬದಲಿಸುವವನು ಅಂತ ಸೇರಿಸಿದ್ದಾನೆ. ಹೇಳಿದ್ದನ್ನು ಮಾಡದೆ ಬಿಡುವ ದೇವರ ಮೇಲೆ ಅವನಿಗೆ ಸಿಟ್ಟು ಅಂತ ನಾನು ಓದಿಕೊಳ್ಳುತ್ತೇನೆ.

ಇಷ್ಟಾದ ಮೇಲೆ ವ್ಯಾಖ್ಯಾನಕಾರರ ಹತ್ತಿರ ಹೋಗಿ. ಯೋನ ಓಡಿಹೋದದ್ದಕ್ಕೆ ಫ್ರಾನ್ಸ್‌ನ ರಾಶಿ (1040–1105) ಹೇಳುವ ಕಾರಣ ಬೇರೆ: ಅನ್ಯಜನ ಬೇಗ ತಿದ್ದಿಕೊಳ್ಳುತ್ತಾರೆ, ಆಗ ಮಾತು ಕೇಳದ ಇಸ್ರೇಲಿನ ಮೇಲೆ ತಪ್ಪು ಬರುತ್ತದೆ ಅಂತ ಯೋನನಿಗೆ ಅಂಜಿಕೆ. ಒಪ್ಪಲೇಬೇಕೆಂದಿಲ್ಲ. ಹುಡುಕುವಾಗ ಒಂದು ಸಣ್ಣ ತೊಡಕಿದೆ. ಯೆಹೂದಿ ಪ್ರತಿಗಳಲ್ಲಿ ಎರಡನೇ ಅಧ್ಯಾಯ ಮೀನು ನುಂಗುವ ವಚನದಿಂದ ಶುರು, ಹಾಗಾಗಿ ಅಲ್ಲಿ ಸಂಖ್ಯೆ ಒಂದು ಹೆಚ್ಚು ಬರುತ್ತದೆ.

ಕೊನೆಗೆ ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಿ. ಇಬ್ಬರು ಕೂತು ಜೋರಾಗಿ ಓದಿ ವಾದ ಮಾಡುವ ಪದ್ಧತಿಗೆ ‘ಹವ್ರುತಾ’ ಅನ್ನುತ್ತಾರೆ. ವಾದಕ್ಕೆ ವಿಷಯ ಬೇಕಾದರೆ ಇಲ್ಲಿದೆ. ಪುಸ್ತಕ ಮುಗಿಯುವುದು ದೇವರ ಪ್ರಶ್ನೆಯಲ್ಲಿ: 1,20,000ಕ್ಕೂ ಹೆಚ್ಚು ಜನ, ಜೊತೆಗೆ ಬೇಕಾದಷ್ಟು ದನಕರು ಇರುವ ಊರಿನ ಮೇಲೆ ನನಗೆ ಕನಿಕರ ಬೇಡವೇ? ಯೋನನ ಉತ್ತರ ಇಲ್ಲ. ಅದರ ಬೆನ್ನಿಗೇ ಸಿನಗಾಗ್‌ನಲ್ಲಿ (ಯೆಹೂದಿಗಳ ಪ್ರಾರ್ಥನಾಮಂದಿರ) ಇನ್ನೊಬ್ಬ ಪ್ರವಾದಿ ಮೀಕನ ಪುಸ್ತಕದ ಕೊನೆಯ ಮೂರು ವಚನ ಓದುತ್ತಾರೆ. ಪಾಪಗಳನ್ನೆಲ್ಲ ಸಮುದ್ರದ ಆಳಕ್ಕೆ ಎಸೆಯುವ ದೇವರ ಮಾತು ಅಲ್ಲಿದೆ. ಯೋನನನ್ನು ಎಸೆದದ್ದೂ ಸಮುದ್ರಕ್ಕೇ.